ಪವರ್ ಏರಿಸಿದ್ರಿ, ಗೇರ್‌ಬಾಕ್ಸ್ ತಡೆಯುತ್ತಾ?

ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆ ಸುತ್ತಮುತ್ತಲ ಗುಜರಿ ಗಲ್ಲಿಗಳಲ್ಲಿ ಹಳೇ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹುಡುಕೋರು ಮೊದಲು ಕೇಳಬೇಕಾದ್ದು ರೇಟ್ ಅಲ್ಲ, ಟಾರ್ಕ್.

ಸ್ಕೋಡಾ ಆಕ್ಟೇವಿಯಾ 1.8 ಪೆಟ್ರೋಲ್ ತಗೊಳ್ಳಿ. ಅದರ 7 ಸ್ಪೀಡ್ ಡಿಎಸ್‌ಜಿಯಲ್ಲಿರೋದು ಒಣ ಕ್ಲಚ್. ಮಿತಿ 250 ನ್ಯೂಟನ್ ಮೀಟರ್. ಎಂಜಿನ್ ಕೊಡೋದೂ ಅಷ್ಟೇ. ಅಂದ್ರೆ ರೀಮ್ಯಾಪ್ ಮಾಡಿಸಿದ ದಿನವೇ ಗಡಿ ದಾಟಿರ್ತೀರಿ. ಕ್ಲಚ್ ಜಾರುತ್ತೆ, ಕಾಯುತ್ತೆ, ಸವೆಯುತ್ತೆ.

6 ಸ್ಪೀಡ್ ಡಿಎಸ್‌ಜಿಯ ಕ್ಲಚ್ ಎಣ್ಣೆಯಲ್ಲಿ ಓಡುತ್ತೆ. ಶಾಖವನ್ನ ಎಣ್ಣೆ ಹೊತ್ತೊಯ್ಯುತ್ತೆ, ಹಾಗಾಗಿ 350ರವರೆಗೂ ತಡೆಯುತ್ತೆ.

ಆದ್ರೆ ಡಬ್ಬ ಒಂದೇ ತಂದ್ರೆ ಸಾಲದು. ಫ್ಲೈವೀಲ್, ಮೌಂಟ್, ಡ್ರೈವ್‌ಶಾಫ್ಟ್ ಹೊಂದಬೇಕು, ಕಂಟ್ರೋಲ್ ಯೂನಿಟ್‌ಗೆ ಕೋಡಿಂಗ್ ಆಗಬೇಕು. ಡೀಸೆಲ್ ಕಾರಿನದ್ದಾದ್ರೆ ಗೇರ್ ಅನುಪಾತವೂ ಬೇರೆ. ಇಷ್ಟೂ ಖರ್ಚು ಕೂಡಿಸಿ ನೋಡಿ, ಆಮೇಲೆ ಚೌಕಾಸಿಗೆ ಇಳೀರಿ.