ಸೆಸ್ನಾ ಮೂತಿಯೊಳಗೆ ಫೋರ್ಡ್ ಕಾರಿನ ಆಲ್ಟರ್ನೇಟರ್

1960ರ ದಶಕದ ಕೊನೆಗೋ 70ರ ದಶಕದಲ್ಲೋ ತಯಾರಾದ ಸೆಸ್ನಾ 172 ವಿಮಾನದ ಮೂತಿಯ ತಗಡು ಬಿಚ್ಚಿ, ಎಂಜಿನ್ನಿನ ಮುಂಭಾಗವನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಯಾವುದಾದರೂ ಸ್ಪೇರ್ ಅಂಗಡಿಯವರಿಗೆ ತೋರಿಸಿ. ಬೆಲ್ಟ್ ಹಾಕಿಕೊಂಡು ಕೂತಿರುವ ಆಲ್ಟರ್ನೇಟರ್ ಮೇಲೆ ಅವರ ಕಣ್ಣು ಮೊದಲು ಬೀಳುತ್ತದೆ. "ಇದು ಯಾವ ಗಾಡೀದು ಸಾರ್?" ಎಂದು ಕೇಳಿದರೆ ತಪ್ಪೇನಿಲ್ಲ. ಆ ಕಾಲದ ಅನೇಕ ಸೆಸ್ನಾಗಳಲ್ಲಿ ಇದ್ದದ್ದು ಫೋರ್ಡ್ ಕಂಪೆನಿಯ 60 ಆಂಪಿಯರ್ ಆಲ್ಟರ್ನೇಟರ್. ಪೈಪರ್ ಚೆರೋಕಿಯಲ್ಲಿ ಕ್ರೈಸ್ಲರ್ ಮಾಲು. ಅದಕ್ಕೂ ಹಿಂದಿನ ವಿಮಾನಗಳ ಡೈನಮೋ, ಸೆಲ್ಫ್ ಮೋಟರುಗಳ ಮೇಲೆ ಡೆಲ್ಕೊ-ರೆಮಿ ಎಂಬ ಕಾರು ಲೋಕದ ಹೆಸರೇ.

ಇದರಲ್ಲಿ ಮುಚ್ಚುಮರೆ ಏನೂ ಇರಲಿಲ್ಲ. ವರ್ಷಕ್ಕೆ ಕೆಲವು ಸಾವಿರ ವಿಮಾನ ಮಾಡುವ ಕಂಪೆನಿ ತನಗಾಗಿಯೇ ಡೈನಮೋ ವಿನ್ಯಾಸ ಮಾಡುತ್ತ ಕೂರುವುದಿಲ್ಲ; ಲಕ್ಷಗಟ್ಟಲೆ ತಯಾರಾಗುವ ಕಡೆಯಿಂದ ತಂದು, ಪರೀಕ್ಷಿಸಿ, ತನ್ನ ನಂಬರ್ ಹೊಡೆದು ಕೂರಿಸುತ್ತದೆ. ಅಮೆರಿಕದ ಮಿನ್ನೆಸೋಟದ ಬರ್ನಾರ್ಡ್ ಪೀಟನ್‌ಪೋಲ್ 1929ರಲ್ಲಿ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ನನ್ನೇ ಎತ್ತಿ ತನ್ನ ಮರದ ವಿಮಾನಕ್ಕೆ ಇಟ್ಟ, ಅದು ಹಾರಿತು. ಆ ನಮೂನೆಯ ವಿಮಾನಗಳನ್ನು ಇವತ್ತಿಗೂ ಜನ ಮನೆಯಲ್ಲಿ ಕಟ್ಟುತ್ತಾರೆ.

ಹಾಗಾದರೆ ಆ ಹಳೆಯ ಆಲ್ಟರ್ನೇಟರ್ ಸುಟ್ಟುಹೋದಾಗ ಅಂಗಡಿಯಿಂದ ಕಾರಿನದೊಂದನ್ನು ತಂದು ಹಾಕಿದರೆ ಏನಾಗುತ್ತದೆ? ವಿಮಾನದ ಹಣೆಪಟ್ಟಿಯಿರುವ ಆಲ್ಟರ್ನೇಟರ್ ಬೆಲೆ ಕಾರಿನದಕ್ಕಿಂತ ಹಲವು ಪಟ್ಟು ಹೆಚ್ಚು. ಜಕ್ಕೂರಿನಲ್ಲಿ 1949ರಿಂದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಪೀಣ್ಯದಲ್ಲಿ ಲೇತ್, ಸಿಎನ್‌ಸಿ, ವೈಂಡಿಂಗ್ ಅಂಗಡಿಗಳಿಗೆ ಲೆಕ್ಕವಿಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡಿದರೆ ಆಯ್ತಲ್ಲ" ಎಂದು ನಮ್ಮೂರಿನವರಿಗೆ ಅನ್ನಿಸದಿದ್ದರೆ ಆಶ್ಚರ್ಯ. ಉತ್ತರ ಭಾಗದಿಂದ ಭಾಗಕ್ಕೆ ಬೇರೆ. ಅದು ಎಲ್ಲಿ ಕೊಂಡದ್ದು ಅನ್ನುವುದಕ್ಕಿಂತ ಕೆಟ್ಟಾಗ ಏನು ಮಾಡುತ್ತದೆ ಅನ್ನುವುದು ಮುಖ್ಯ.

ಆಲ್ಟರ್ನೇಟರನ್ನೇ ನೋಡೋಣ. ಅದರೊಳಗಿನ ರೋಟರ್ ತಾನಾಗಿ ಅಯಸ್ಕಾಂತವಲ್ಲ. ಕಾರ್ಬನ್ ಬ್ರಷ್ ಮೂಲಕ ಸಣ್ಣ ಕರೆಂಟು ಕೊಟ್ಟಾಗ ಮಾತ್ರ ಅಯಸ್ಕಾಂತವಾಗುತ್ತದೆ. ಆ ಸಣ್ಣ ಕರೆಂಟನ್ನು ಏರಿಸಿ ಇಳಿಸಿ, ಹೊರಬರುವ ವೋಲ್ಟೇಜನ್ನು 14ರ ಆಸುಪಾಸಿನಲ್ಲಿ ಹಿಡಿದಿಡುವುದು ರೆಗ್ಯುಲೇಟರ್ ಕೆಲಸ. ಹಳೆಯ ಕಾರುಗಳಲ್ಲಿ ರೆಗ್ಯುಲೇಟರ್ ಬೇರೆ ಡಬ್ಬಿಯಾಗಿ ಹೊರಗಿತ್ತು. ಈಗಿನ ಕಾರುಗಳಲ್ಲಿ ಅದು ಆಲ್ಟರ್ನೇಟರ್ ಹೊಟ್ಟೆಯೊಳಗೇ ಸೇರಿದೆ. ತೊಡಕು ಇರುವುದು ಇಲ್ಲಿ. ರೆಗ್ಯುಲೇಟರ್ ಕೈಕೊಟ್ಟು ರೋಟರಿಗೆ ಪೂರ್ತಿ ಕರೆಂಟು ಹರಿಯತೊಡಗಿದರೆ ವೋಲ್ಟೇಜು ಎರ್ರಾಬಿರ್ರಿ ಏರಿ, ರೇಡಿಯೊ ಮುಂತಾದವೆಲ್ಲ ಸುಡುತ್ತವೆ. ಕಾರಿನಲ್ಲಾದರೆ ಪಕ್ಕಕ್ಕೆ ಹಾಕಿ ಬಾನೆಟ್ ಎತ್ತುತ್ತೀರಿ. ಸೆಸ್ನಾದಲ್ಲಿ ಇದಕ್ಕೆಂದೇ ಕೆಂಪು ಮಾಸ್ಟರ್ ಸ್ವಿಚ್ಚನ್ನು ಎರಡು ಹೋಳು ಮಾಡಿದ್ದಾರೆ: ಒಂದು ಹೋಳು ಬ್ಯಾಟರಿಗೆ, ಇನ್ನೊಂದು ಆಲ್ಟರ್ನೇಟರಿಗೆ. ಎರಡನೆಯದನ್ನು ಪೈಲಟ್ ಕೆಳಗೆ ಒತ್ತಿದರೆ ರೋಟರಿನ ಕರೆಂಟು ನಿಂತು ಆಲ್ಟರ್ನೇಟರ್ ತಣ್ಣಗಾಗುತ್ತದೆ. ರೆಗ್ಯುಲೇಟರನ್ನು ನುಂಗಿಕೊಂಡ ಹೊಸ ಕಾರಿನ ಆಲ್ಟರ್ನೇಟರ್ ಬಹುಪಾಲು ಈ ಸ್ವಿಚ್ಚಿನ ಮಾತು ಕೇಳುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ ಇದೆ. ಎದುರಿನಿಂದ ನೋಡಿದರೆ ಸಾಮಾನ್ಯ ಕಾರಿನ ಎಂಜಿನ್ ಪ್ರದಕ್ಷಿಣವಾಗಿ ತಿರುಗುತ್ತದೆ, ಸೆಸ್ನಾದ ಲೈಕಮಿಂಗ್ ಎಂಜಿನ್ ಅಪ್ರದಕ್ಷಿಣವಾಗಿ. ಆಲ್ಟರ್ನೇಟರ್ ಯಾವ ಕಡೆ ತಿರುಗಿದರೂ ವಿದ್ಯುತ್ ಬರುತ್ತದೆ, ಆದರೆ ಅದರ ಫ್ಯಾನಿನ ರೆಕ್ಕೆಗಳು ಒಂದೇ ದಿಕ್ಕಿಗೆ ಬಾಗಿದ್ದರೆ ತಿರುವುಮುರುವಾದಾಗ ಗಾಳಿ ಕಡಿಮೆ ಎಳೆದು ಬಿಸಿಯೇರುತ್ತದೆ.

ಇಷ್ಟೆಲ್ಲ ಹೇಳಿಯೂ ಆಲ್ಟರ್ನೇಟರ್ ವಿಷಯದಲ್ಲಿ ನನ್ನ ಮನಸ್ಸು ಮೆತ್ತಗಿದೆ. ಕಾರಣ ಮ್ಯಾಗ್ನೆಟೊ. ಹಳೆಯ ವಿಮಾನದ ಎಂಜಿನ್ನಿಗೆ ಕಿಡಿ ಕೊಡುವುದು ಬ್ಯಾಟರಿಯಲ್ಲ. ಎಂಜಿನ್ನೇ ತಿರುಗಿಸುವ ಎರಡು ಮ್ಯಾಗ್ನೆಟೊಗಳಿವೆ. ಒಂದೊಂದು ಸಿಲಿಂಡರಿಗೆ ಎರಡೆರಡು ಪ್ಲಗ್. ಆಲ್ಟರ್ನೇಟರ್ ಸತ್ತರೆ ದೀಪ, ರೇಡಿಯೊಗಳು ಬ್ಯಾಟರಿ ಇರುವಷ್ಟು ಹೊತ್ತು ಬದುಕಿ ಆರುತ್ತವೆ, ಎಂಜಿನ್ ಮಾತ್ರ ಏನೂ ಆಗದವರಂತೆ ಓಡುತ್ತದೆ. ನಮ್ಮ ಎಚ್‌ಎಎಲ್ 1958ರಲ್ಲಿ ಹಾರಿಸಿದ ಪುಷ್ಪಕ್ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಏರೋಂಕಾ ಚೀಫ್‌ನ ಜಾಡಿನಲ್ಲಿ, ಬಟ್ಟೆ ಹೊದಿಸಿ ಮಾಡಿದ ಎರಡು ಸೀಟಿನ ಆ ವಿಮಾನ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಸುಮಾರು 160ರಷ್ಟು ತಯಾರಾಯಿತು. ಅದರ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್ನಿಗೆ ಆಲ್ಟರ್ನೇಟರೂ ಇಲ್ಲ, ಸೆಲ್ಫೂ ಇಲ್ಲ. ಒಬ್ಬರು ಎದುರು ನಿಂತು ಪ್ರೊಪೆಲ್ಲರ್ ಹಿಡಿದು ಎಳೆದುಬಿಟ್ಟರೆ ಮ್ಯಾಗ್ನೆಟೊ ಕಿಡಿ ಹಾರಿಸುತ್ತಿತ್ತು, ಅಷ್ಟೇ.

ಕಾರಿನ ಬುದ್ಧಿಯನ್ನು ಪೂರ್ತಿಯಾಗಿ ವಿಮಾನಕ್ಕೆ ತಂದಾಗ ಏನಾಗಬಹುದು ಎನ್ನುವುದು 2007ರ ಮಾರ್ಚ್ 4ರಂದು ಜರ್ಮನಿಯ ಸ್ಪೈಯರ್ ಊರಿನಲ್ಲಿ ಗೊತ್ತಾಯಿತು. ವೈಟ್‌ಫೀಲ್ಡಿನಲ್ಲಿ ಸಂಶೋಧನಾ ಕೇಂದ್ರ ಇಟ್ಟುಕೊಂಡಿರುವ ಮರ್ಸಿಡಿಸ್-ಬೆಂಜ್ ಗೊತ್ತಲ್ಲ, ಅದರ ಎ-ಕ್ಲಾಸ್ ಕಾರಿನ ಡೀಸೆಲ್ ಎಂಜಿನ್ನನ್ನು ಟೀಲರ್ಟ್ ಎಂಬ ಇನ್ನೊಂದು ಕಂಪೆನಿ ವಿಮಾನಕ್ಕೆ ಒಗ್ಗಿಸಿತ್ತು. ಅಂಥ ಎರಡು ಎಂಜಿನ್ನಿದ್ದ ಡೈಮಂಡ್ ಡಿಎ42 ವಿಮಾನದ ಬ್ಯಾಟರಿ ಅಂದು ಪೂರ್ತಿ ಇಳಿದಿತ್ತು. ಹೊರಗಿನ ಕರೆಂಟು ಕೊಟ್ಟು ಸ್ಟಾರ್ಟ್ ಮಾಡಿದರು. ನೆಲ ಬಿಟ್ಟ ಮೇಲೆ ಚಕ್ರ ಮಡಚಲು ಮೋಟರ್ ಓಡಿತು, ಒಂದು ಕ್ಷಣ ವೋಲ್ಟೇಜು ಕುಸಿಯಿತು, ಎರಡೂ ಎಂಜಿನ್ನುಗಳ ಕಂಪ್ಯೂಟರುಗಳು ಒಟ್ಟಿಗೇ ರೀಸೆಟ್ ಆದವು, ಎರಡೂ ಎಂಜಿನ್ ನಿಂತವು. ವಿಮಾನ ಕೆಳಗೆ ಬಿತ್ತು. ಪುಣ್ಯಕ್ಕೆ ಜೀವ ಹೋಗಲಿಲ್ಲ. ಆಮೇಲೆ ಎಂಜಿನ್ ಕಂಪ್ಯೂಟರಿಗೆಂದೇ ಪ್ರತ್ಯೇಕ ಬ್ಯಾಟರಿ ಸೇರಿಸಿದರು. ಎಂಜಿನ್ನಿನ ಲೋಹದಲ್ಲಿ ಯಾವ ದೋಷವೂ ಇರಲಿಲ್ಲ. ಕಾರಿನಲ್ಲಿ ಇದೇ ಆಗಿದ್ದರೆ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

ಬ್ರೇಕ್ ಆಯಿಲ್ ಕಥೆ ಇದಕ್ಕಿಂತ ಸರಳ, ಆದರೆ ಹೆಚ್ಚು ಮೋಸದ್ದು. ಸಣ್ಣ ವಿಮಾನದ ಬ್ರೇಕು ಕಾರಿನ ಡಿಸ್ಕ್ ಬ್ರೇಕಿನ ತಮ್ಮನಂತೆಯೇ ಕಾಣುತ್ತದೆ. ಒಳಗೆ ಹಾಕುವುದು ಕೆಂಪು ಬಣ್ಣದ ಖನಿಜ ತೈಲ. ಕಾರಿನದು ಗ್ಲೈಕಾಲ್ ಮೂಲದ ಡಾಟ್-3, ಡಾಟ್-4 ದ್ರವ. ವಿಮಾನದ ಸೀಲುಗಳು ಖನಿಜ ತೈಲಕ್ಕೆ ಒಗ್ಗುವ ನೈಟ್ರೈಲ್ ರಬ್ಬರಿನವು. ಅದಕ್ಕೆ ಕಾರಿನ ಬ್ರೇಕ್ ಆಯಿಲ್ ಸುರಿದರೆ ಸೀಲು ಉಬ್ಬಿ, ಮೆತ್ತಗಾಗಿ, ಸೋರತೊಡಗುತ್ತದೆ. ಉಲ್ಟಾ ಮಾಡಿದರೆ ಕಾರಿನ ಸೀಲಿಗೂ ಅದೇ ಗತಿ. ಮೊದಲ ದಿನ ಬ್ರೇಕು ಚೆನ್ನಾಗಿಯೇ ಹಿಡಿಯುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಜಕ್ಕೂರಿನ ರನ್‌ವೇ ಪಕ್ಕದಲ್ಲೇ ಬಳ್ಳಾರಿ ರಸ್ತೆ ಹಾದುಹೋಗುತ್ತದೆ ಎಂಬುದನ್ನು ಇಲ್ಲಿ ನೆನೆಸಿಕೊಳ್ಳಬಹುದು. ಪೆಟ್ರೋಲಿನದೂ ಇದೇ ಜಾತಿಯ ಪ್ರಶ್ನೆ: ಅಮೆರಿಕದಲ್ಲಿ 1980ರ ದಶಕದಿಂದ ಕೆಲವು ಹಳೆಯ ವಿಮಾನಗಳಿಗೆ ಕಾರಿನ ಪೆಟ್ರೋಲ್ ಹಾಕಲು ಅನುಮತಿ ಇದೆ, ಎಥನಾಲ್ ಇಲ್ಲದಿದ್ದರೆ ಮಾತ್ರ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆಸಿದ್ದು.

ಹಳೆಯದನ್ನು ಹಾರುವಂತೆ ಮಾಡುವ ಕೈಚಳಕ ಬೆಂಗಳೂರಿಗೆ ಹೊಸದೇನಲ್ಲ. ಎರಡನೇ ಮಹಾಯುದ್ಧ ಮುಗಿದಾಗ ಲಿಬರೇಟರ್ ಬಾಂಬರುಗಳನ್ನು ಯಾರೂ ಮತ್ತೆ ಹಾರಿಸದಂತೆ ಜಖಂ ಮಾಡಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. 1948ರಲ್ಲಿ ಎಚ್‌ಎಎಲ್‌ನವರು ಆ ರಾಶಿಗೆ ಕೈಹಾಕಿ ಅಲ್ಲಿಯೇ ತೇಪೆ ಹಚ್ಚಿದರು. ಪೈಲಟ್ ಜಮ್‌ಶೆಡ್ ಮುನ್ಷಿ ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಪೂರ್ತಿ ರಿಪೇರಿಯಾದ ಅವು 1968ರವರೆಗೆ ವಾಯುಪಡೆಯಲ್ಲಿದ್ದವು. ಇವತ್ತು ಪೀಣ್ಯದ ಡೈನಮ್ಯಾಟಿಕ್ ಟೆಕ್ನಾಲಜೀಸ್ ಟ್ರ್ಯಾಕ್ಟರಿಗೆ ಹೈಡ್ರಾಲಿಕ್ ಪಂಪೂ ಮಾಡುತ್ತದೆ, ಏರ್‌ಬಸ್ ಎ320ರ ರೆಕ್ಕೆಯಲ್ಲಿ ಫ್ಲ್ಯಾಪುಗಳು ಜಾರುವ ತೊಲೆಯನ್ನೂ ಮಾಡುತ್ತದೆ. ಎರಡನೆಯದರ ಜೊತೆ ಅದರ ಲೋಹ ಎಲ್ಲಿಂದ ಬಂತು, ಯಾವ ಪರೀಕ್ಷೆ ಆಯಿತು ಎಂಬ ಜಾತಕವೂ ಹೋಗುತ್ತದೆ. ವಿಮಾನದ ಸ್ಪೇರ್ ದುಬಾರಿಯಾಗುವುದರಲ್ಲಿ ಈ ಕಾಗದದ ಪಾಲು ಸಣ್ಣದಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಸಿಎ ಫಾರ್ಮ್-1 ಎಂಬ ಪ್ರಮಾಣಪತ್ರ ಅಥವಾ ಅದಕ್ಕೆ ಸಮನಾದ ವಿದೇಶಿ ಪತ್ರವಿಲ್ಲದ ಭಾಗವನ್ನು ಕೂರಿಸಿ ಸಹಿ ಹಾಕಿದ ಎಂಜಿನಿಯರ್ ತನ್ನ ಲೈಸೆನ್ಸಿನ ಮೇಲೆಯೇ ಕಲ್ಲು ಎಳೆದುಕೊಂಡಂತೆ.

ಅಮೆರಿಕದ ವಿಮಾನಯಾನ ಆಡಳಿತ 2022ರಲ್ಲಿ ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. 1980ಕ್ಕೆ ಮುಂಚೆ ಅನುಮೋದನೆ ಪಡೆದ ಸಣ್ಣ ವಿಮಾನಗಳಿಗೆ, ಕೆಟ್ಟರೂ ಸುರಕ್ಷಿತವಾಗಿ ಹಾರಿ ಇಳಿಯಲು ಅಡ್ಡಿಯಾಗದ ಭಾಗಗಳ ಜಾಗದಲ್ಲಿ ಅಂಗಡಿಯಲ್ಲಿ ಸಿಗುವ ಭಾಗವನ್ನು ಬಳಸಲು ಅರ್ಜಿ ಹಾಕಬಹುದು. ವಾರ್ಮಾ ಎಂದು ಅದರ ಹೆಸರು. ಕೂರಿಸಿಬಿಟ್ಟು ಆಮೇಲೆ ನೋಡೋಣ ಎನ್ನುವ ಜುಗಾಡಲ್ಲ ಅದು, ಮೊದಲೇ ಲೆಕ್ಕ ಹಾಕಿ ಒಪ್ಪಿಗೆ ಪಡೆಯುವ ದಾರಿ. ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಕೂಡ ತರಬೇತಿ ಶಾಲೆಗಳ ಹಳೆಯ ವಿಮಾನಗಳಿಗಾಗಿ ಇಂಥದೊಂದು ಪಟ್ಟಿ ಮಾಡಲಿ. ಸ್ವಿಚ್ಚಿನ ಮಾತು ಕೇಳುವ ಆಲ್ಟರ್ನೇಟರ್, ಕ್ಯಾಬಿನ್ ದೀಪ, ಬಾಗಿಲ ಹಿಡಿಕೆಗಳು ಆ ಪಟ್ಟಿಯಲ್ಲಿರಲಿ. ಬ್ರೇಕ್ ಆಯಿಲ್ ಬೇಡ.