ಗಾಳದ ಕೋಲು ಬಾಗದಿರಲು

ಮಳೆಗಾಲ ಕಳೆದು ಚಂದ್ರಗಿರಿ ಹೊಳೆಯ ಕೆನ್ನೀರು ತಿಳಿಯಾಗುತ್ತಲೇ ನಮ್ಮ ಕಡೆಯ ಮನೆಗಳಲ್ಲಿ ಬಿದಿರಿನ ಗಾಳದ ಕೋಲುಗಳು ಹೊರಬರುತ್ತವೆ. ಕೆಲವು ಆ ವೇಳೆಗೆ ಬಿಲ್ಲಿನಂತೆ ಬಾಗಿರುತ್ತವೆ. ದೋಷ ಬಿದಿರಿನದಲ್ಲ, ಇರಿಸಿದ ಕ್ರಮದ್ದು.

ನಾವೂ ಈ ತಪ್ಪು ಮಾಡಿದವರೇ. ತೀರಿಹೋದ ಅಣ್ಣನ ಕೋಲನ್ನು ಒದ್ದೆಯಾಗಿದ್ದಂತೆಯೇ, ದಾರವನ್ನು ಬುಡಕ್ಕೆ ಬಿಗಿದು, ಜಗಲಿಯ ಗೋಡೆಗೆ ಒರಗಿಸಿಟ್ಟೆವು. ನೀರು ಹೀರಿದ ಬಿದಿರು ಸುಲಭವಾಗಿ ಮಣಿಯುತ್ತದೆ. ತನ್ನ ಭಾರಕ್ಕೂ ದಾರದ ಎಳೆತಕ್ಕೂ ಬಾಗಿ, ಹಾಗೆಯೇ ಒಣಗಿ ನಿಲ್ಲುತ್ತದೆ.

ಆದುದರಿಂದ ಹೊಳೆಯಿಂದ ಬಂದೊಡನೆ ದಾರವನ್ನು ಬಿಚ್ಚಿರಿ. ಕೋಲನ್ನು ಒರಸಿ ನೆರಳಿನಲ್ಲಿ ಆರಿಸಿರಿ. ಕಡುಬಿಸಿಲಿಗೆ ಅದು ಸೀಳೀತು. ಬಳಿಕ ತುದಿಗೆ ಕುಣಿಕೆ ಹಾಕಿ ಮಾಡಿನ ಪಕ್ಕಾಸಿನಿಂದ ನೇರವಾಗಿ ತೂಗುಬಿಡಿರಿ. ಎತ್ತರ ಸಾಲದಿದ್ದರೆ ನಾಲ್ಕೈದು ಕಡೆ ಆಧಾರವಿತ್ತು ಮಲಗಿಸಬಹುದು. ಎರಡೇ ಗೂಟಗಳಾದರೆ ನಡು ಜೋಲುತ್ತದೆ. ಹಿಂದೆ ಅಡುಗೆಮನೆಯ ಅಟ್ಟದ ಹೊಗೆ ಕೋಲನ್ನು ಹುಳುವಿನಿಂದಲೂ ಕಾಯುತ್ತಿತ್ತು. ಗ್ಯಾಸು ಬಂದ ಮೇಲೆ ಆ ಅನುಕೂಲ ತಪ್ಪಿತು.

ಬಾಗಿದ ಕೋಲನ್ನು ಕೆಂಡದಿಂದ ಗೇಣು ದೂರ ಹಿಡಿದು, ತಿರುಗಿಸುತ್ತ ಬಿಸಿಮಾಡಿ, ಕೊಂಚಕೊಂಚವೇ ಒತ್ತಿ, ತಣಿಯುವವರೆಗೆ ಹಾಗೆಯೇ ಹಿಡಿದಿರಬೇಕು. ನಾವು ಅವಸರಪಟ್ಟೆವು, ಗಿಣ್ಣಿನ ಬಳಿ ಮುರಿಯಿತು. ತುದಿಯ ಎರಡು ಮೊಳ ಈಗಲೂ ನಮ್ಮ ಅಟ್ಟದಲ್ಲಿದೆ.