ಪರೀಕ್ಷೆಗೆ ಒಂದು ವರ್ಷ ಮುಂಚಿತವಾಗಿ

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮಾರನೆಯ ದಿನದಿಂದ ಒಂದು ವಾರದವರೆಗೆ ನಮ್ಮ ಕಚೇರಿಯ ಜಗುಲಿಯ ಮೇಲೆ ಪ್ರತಿ ವರ್ಷವೂ ಒಂದೇ ಬಗೆಯ ಜನರು ಬಂದು ಕುಳಿತಿರುವುದುಂಟು. ತಂದೆಯು ಹಳ್ಳಿಯ ರೈತನೋ, ಗಾರೆಯ ಕೆಲಸದವನೋ, ಸಂತೆಯಲ್ಲಿ ಬುಟ್ಟಿಯಿಟ್ಟು ಮಾರುವವನೋ ಆಗಿರುತ್ತಾನೆ. ಪಕ್ಕದಲ್ಲಿ ಹದಿನಾರು ವರ್ಷದ ಮಗನೋ ಮಗಳೋ ತಲೆ ತಗ್ಗಿಸಿಕೊಂಡಿರುವರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಅಂಕಪಟ್ಟಿ. ಪತ್ರಿಕೆಯವರಿಗೆ ಸರ್ವವೂ ತಿಳಿದಿರುತ್ತದೆಂಬುದು ಅವರ ನಂಬಿಕೆ. “ಸ್ವಾಮಿ, ಹುಡುಗ ಪಾಸಾದ. ಇನ್ನು ಯಾವುದಕ್ಕೆ ಹಾಕೋಣ?” ಎಂದು ಕೇಳುತ್ತಾರೆ. ಅವರಿಗೆ ಊರಿಗೆ ಹಿಂದಿರುಗುವ ಬಸ್ಸಿಗೆ ಅರ್ಧ ಗಂಟೆಯಿರುತ್ತದೆ. ಅರ್ಜಿಯ ಅವಧಿ ಮುಗಿಯಲು ನಾಲ್ಕೈದು ದಿನವಿರುತ್ತದೆ. ಒಂದು ಮನೆಯ ಮುಂದಿನ ನಲವತ್ತು ವರ್ಷಗಳ ಅನ್ನದ ಮಾತು ಹೀಗೆ ಜಗುಲಿಯ ಮೇಲೆ, ಬಸ್ಸಿನ ವೇಳೆಯನ್ನು ನೋಡಿಕೊಂಡು ತೀರ್ಮಾನವಾಗುತ್ತಿರುವುದನ್ನು ಕಂಡು ನಾವು ಹಲವು ವರ್ಷಗಳಿಂದ ವ್ಯಥೆಪಟ್ಟಿದ್ದೇವೆ. ಈ ಪ್ರಶ್ನೆಯನ್ನು ಕೇಳತಕ್ಕುದು ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲಲ್ಲ. ಒಂಬತ್ತನೆಯ ತರಗತಿಯಲ್ಲಿ, ಕೈಯಲ್ಲಿ ಇನ್ನೂ ಒಂದು ವರ್ಷ ಕಾಲವಿರುವಾಗ.

ನಮ್ಮ ವಾಚಕರಲ್ಲಿ ಬಹುಮಂದಿ ಅಧಿಕಾರಿಗಳು, ವಕೀಲರು, ಉಪಾಧ್ಯಾಯರು, ವರ್ತಕರು. ಅವರ ಮನೆಗಳಲ್ಲಿ ಈ ಪ್ರಶ್ನೆಯು ಈ ರೂಪದಲ್ಲಿ ಹುಟ್ಟುವುದೇ ಇಲ್ಲ. ಊಟಕ್ಕೆ ಕುಳಿತಾಗ ಮಾವನು ಒಂದು ಮಾತನ್ನಾಡಿರುತ್ತಾನೆ. ಬೆಂಗಳೂರಿನಲ್ಲಿರುವ ಅಣ್ಣನು ದೂರವಾಣಿಯಲ್ಲಿ ಒಂದು ಮಾತನ್ನು ಹೇಳಿರುತ್ತಾನೆ. ಯಾವ ವಿಷಯ ತೆಗೆದುಕೊಂಡರೆ ಯಾವ ಬಾಗಿಲು ತೆರೆಯುವುದು, ಯಾವುದು ಮುಚ್ಚುವುದು ಎಂಬುದು ಮಗುವಿನ ಕಿವಿಗೆ ತಾನಾಗಿಯೇ ಬಿದ್ದಿರುತ್ತದೆ. ಇದನ್ನು ನಾವು ಬುದ್ಧಿಯೆಂದು ಕರೆಯುತ್ತೇವೆ. ಅದು ಬುದ್ಧಿಯಲ್ಲ, ನೆರೆಹೊರೆ. ವಂಶದಲ್ಲಿ ಮೊದಲನೆಯ ಸಲ ಪ್ರೌಢಶಾಲೆಯ ಮೆಟ್ಟಿಲು ಹತ್ತಿದ ಹುಡುಗನಿಗೆ ಈ ನೆರೆಹೊರೆಯಿಲ್ಲ. ನಾವೂ ಅಂಥವರೇ. ಸಂಸ್ಕೃತ ಪಾಠಶಾಲೆಯಿಂದ ಬಂದು ಮೆಟ್ರಿಕ್ಯುಲೇಷನ್ ಮುಗಿಸಿದ ನಮಗೆ ಪಾಲಿಟೆಕ್ನಿಕ್ ಎಂಬುದೊಂದು ಇದೆಯೆಂದು ತಿಳಿದುದು, ಅದಕ್ಕೆ ಸೇರಬಹುದಾಗಿದ್ದ ವಯಸ್ಸು ಕಳೆದ ಮೇಲೆ. ಪತ್ರಿಕೆಯ ಕೆಲಸ ನಮ್ಮ ಕೈಹಿಡಿಯಿತೆಂಬುದು ದೈವಯೋಗ. ಎಲ್ಲರಿಗೂ ದೈವಯೋಗವನ್ನೇ ಉಪದೇಶಿಸುವುದು ತಕ್ಕುದಲ್ಲ.

ಬಾಗಿಲು ಮುಚ್ಚುವುದೆಂದರೆ ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ಪಿ.ಯು.ಸಿ.ಯಲ್ಲಿ ಗಣಿತವನ್ನು ಬಿಟ್ಟ ಹುಡುಗನು ಇಂಜಿನಿಯರಿಂಗ್‌ಗೆ ಹೋಗಲಾರನು. ಜೀವಶಾಸ್ತ್ರವನ್ನು ಬಿಟ್ಟವಳು ವೈದ್ಯಕೀಯಕ್ಕೆ ಹೋಗಲಾರಳು. ಇಂಜಿನಿಯರಿಂಗ್ ಪ್ರವೇಶಕ್ಕೆ ಸಿ.ಇ.ಟಿ. ಒಂದೇ ಸಾಲದು, ಅದರ ಅಂಕಗಳಿಗೆ ಅರ್ಧ ತೂಕ, ಪಿ.ಯು.ಸಿ.ಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳಿಗೆ ಅರ್ಧ ತೂಕ. ವೈದ್ಯಕೀಯಕ್ಕಾದರೋ ನೀಟ್ ಎಂಬ ಪರೀಕ್ಷೆ ಬೇರೆಯೇ ಇದೆ. ಅದನ್ನು 2017ರಿಂದ ಕನ್ನಡದಲ್ಲಿಯೂ ಬರೆಯಲು ಅವಕಾಶವಾಯಿತು. ಇದು ಸಂತೋಷದ ವಿಷಯವೇ. ಆದರೆ ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗು ಪಿ.ಯು.ಸಿ. ವಿಜ್ಞಾನದ ತರಗತಿಯಲ್ಲಿ ಕುಳಿತ ಮೊದಲನೆಯ ದಿನ ಕೇಳುವ ಪಾಠವೆಲ್ಲವೂ ಇಂಗ್ಲಿಷಿನಲ್ಲಿ. ಹಳ್ಳಿಯ ಶಾಲೆಯಲ್ಲಿ ಮೊದಲಿಗನಾಗಿದ್ದವನು ಆರು ತಿಂಗಳಲ್ಲಿ ಹಿಂದಿನ ಬೆಂಚಿಗೆ ಸರಿಯುತ್ತಾನೆ. ತಾನು ದಡ್ಡನೆಂದು ನಂಬುತ್ತಾನೆ. ಒಂಬತ್ತನೆಯ ತರಗತಿಯಲ್ಲಿಯೇ ವಿಜ್ಞಾನದ ಇಂಗ್ಲಿಷ್ ಶಬ್ದಗಳನ್ನು ದಿನಕ್ಕೆ ಐದರಂತೆ ಕಲಿತಿದ್ದರೆ ಈ ಅವಮಾನ ಬಹುಮಟ್ಟಿಗೆ ತಪ್ಪುತ್ತಿತ್ತು. ಕನ್ನಡದಲ್ಲಿ ಉನ್ನತ ಶಿಕ್ಷಣ ದೊರೆಯಬೇಕೆಂದು ಈ ಅಂಕಣಗಳಲ್ಲಿ ನಾವು ಬಿಡದೆ ವಾದಿಸುತ್ತ ಬಂದಿದ್ದೇವೆ, ಮುಂದೆಯೂ ವಾದಿಸುವೆವು. ಆ ದಿನ ಬರುವವರೆಗೆ ಬಡವರ ಮಕ್ಕಳನ್ನು ನಮ್ಮ ವಾದಕ್ಕೆ ಬಲಿಕೊಡಲು ನಾವು ಸಿದ್ಧರಿಲ್ಲ.

ಇನ್ನೊಂದು ಸಂಗತಿಯುಂಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಸಿ.ಇ.ಟಿ. ಸೀಟುಗಳಲ್ಲಿ ನೂರಕ್ಕೆ 15ರ ಪಾಲು, ಅದೇ ಹತ್ತು ವರ್ಷಗಳನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5ರ ಪಾಲು ನಿಯಮಗಳಿಗೊಳಪಟ್ಟು ಮೀಸಲಾಗಿವೆ. ನಮಗೆ ಪರಿಚಿತನಾದ ಒಬ್ಬ ರೈತನು ಎಮ್ಮೆಗಳೆರಡನ್ನು ಮಾರಿ, ಒಳ್ಳೆಯ ಫಲಿತಾಂಶದ ಆಸೆಯಿಂದ, ಮಗನನ್ನು ಒಂಬತ್ತನೆಯ ತರಗತಿಗೆ ನಗರದ ಒಂದು ಇಂಗ್ಲಿಷ್ ಶಾಲೆಗೆ ತಂದು ಸೇರಿಸಿದನು. ಎಂಟು ವರ್ಷ ಹಳ್ಳಿಯಲ್ಲಿ ಕನ್ನಡದಲ್ಲಿ ಓದಿದುದರ ಫಲವನ್ನು ಆ ಎರಡು ವರ್ಷಗಳು ನುಂಗಿಹಾಕಿದುವು. ಎರಡು ಪಾಲುಗಳೂ ಹೋದುವು. ಅವನಿಗೆ ಅದು ತಿಳಿದುದು ಸೀಟು ಹಂಚುವ ದಿನ. ಯಾರೊಬ್ಬರೂ ಅವನಿಗೆ ಮೋಸ ಮಾಡಲಿಲ್ಲ. ತಿಳಿದವರು ಹೇಳಲಿಲ್ಲ, ಅಷ್ಟೆ.

ಪಟ್ಟಣಗಳಲ್ಲಿ ಈಗ ವಿಜ್ಞಾನವೊಂದೇ ವಿದ್ಯೆ, ಅದರಲ್ಲಿಯೂ ಪಿ.ಸಿ.ಎಂ.ಬಿ. ಎಂಬ ನಾಲ್ಕು ಅಕ್ಷರಗಳೇ ಮೋಕ್ಷಮಂತ್ರವೆಂಬ ಭ್ರಾಂತಿ ಹರಡಿದೆ. ಬಸ್ ನಿಲ್ದಾಣದಿಂದ ಹಿಡಿದು ದೇವಸ್ಥಾನದ ಬೀದಿಯವರೆಗೆ ಖಾಸಗಿ ಕಾಲೇಜುಗಳ ಫಲಕಗಳಲ್ಲಿ ಮಕ್ಕಳ ಮುಖಗಳನ್ನೂ ಅಂಕಗಳನ್ನೂ ಕಾಣುತ್ತೇವೆ. ಅಲ್ಲಿ ಸೇರಿ ನಡುವೆ ಬಿಟ್ಟವರ ಮುಖಗಳನ್ನು ಯಾವ ಫಲಕದಲ್ಲಿಯೂ ಕಂಡುದಿಲ್ಲ. ಕೈಕೆಲಸದಲ್ಲಿ ಚಾತುರ್ಯವಿರುವ ಹುಡುಗನಿಗೆ ಎಸ್.ಎಸ್.ಎಲ್.ಸಿ. ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಇದೆ. ಅದನ್ನು ಮುಗಿಸಿದವನು ಪ್ರವೇಶಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ನೇರವಾಗಿ ಸೇರಬಹುದು. ಐ.ಟಿ.ಐ. ಇದೆ, ಅದಾದ ಮೇಲೆ 1961ರ ಶಿಶಿಕ್ಷು ಕಾಯಿದೆಯ ಪ್ರಕಾರ ಕಾರ್ಖಾನೆಯಲ್ಲಿ ಭತ್ಯೆ ಪಡೆದು ಕೆಲಸ ಕಲಿಯುವ ಮಾರ್ಗವಿದೆ. ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ 1972ರಲ್ಲಿ ಆರಂಭವಾದ ಸರಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ ಶಾಖೆಗಳಲ್ಲಿ ಅಚ್ಚು ಮತ್ತು ಉಪಕರಣಗಳ ತಯಾರಿಕೆಯನ್ನು ಕಲಿಸುತ್ತಾರೆ, ಜಿ.ಟಿ.ಟಿ.ಸಿ. ಎಂಬ ಆ ಹೆಸರನ್ನು ನಮ್ಮ ಜಗುಲಿಗೆ ಬಂದ ತಂದೆಗಳಲ್ಲಿ ಒಬ್ಬರಾದರೂ ಕೇಳಿದ್ದುದಿಲ್ಲ. ಕೃಷಿ ವಿಶ್ವವಿದ್ಯಾನಿಲಯಗಳಲ್ಲಿ ಕನ್ನಡದಲ್ಲಿಯೇ ಕಲಿಸುವ ಎರಡು ವರ್ಷದ ಕೃಷಿ ಡಿಪ್ಲೊಮಾ ನಡೆದುಬಂದಿದೆ. ಕೃಷಿ ಪದವಿಯ ಸೀಟುಗಳಲ್ಲಿ ರೈತರ ಮಕ್ಕಳಿಗೆಂದು ಪ್ರತ್ಯೇಕ ಪಾಲನ್ನಿಟ್ಟಿದ್ದಾರೆ. ಕಲಾ ವಿಭಾಗವನ್ನಾದರೂ ಹಳಿಯುವುದೇಕೆ? ಐದು ವರ್ಷದ ಕಾನೂನು ಪದವಿಗೆ ಪಿ.ಯು.ಸಿ.ಯ ಯಾವ ವಿಭಾಗದವರೂ ಹೋಗಬಹುದು. ಕಲೆಯನ್ನೋದಿ ಜಿಲ್ಲಾಧಿಕಾರಿಯಾದವರನ್ನು ನಮ್ಮ ಅಧಿಕಾರಿ ವಾಚಕರು ತಮ್ಮ ಮೇಜಿನ ಎದುರಿಗೇ ಕಂಡಿರಬೇಕು.

ತೇರ್ಗಡೆಯಾದವರ ಮಾತನ್ನಷ್ಟೇ ಆಡಿದರೆ ಅರ್ಧ ಸತ್ಯವಾದೀತು. 2024ರ ಎಸ್.ಎಸ್.ಎಲ್.ಸಿ. ಮೊದಲನೆಯ ಪರೀಕ್ಷೆಗೆ ಕುಳಿತವರು 8 ಲಕ್ಷ 59 ಸಾವಿರಕ್ಕೆ ಮೇಲ್ಪಟ್ಟವರು. ತೇರ್ಗಡೆಯಾದವರು 6 ಲಕ್ಷ 31 ಸಾವಿರ. ಅದೂ ಕೃಪಾಂಕಗಳನ್ನು ಹೆಚ್ಚಿಸಿ ಕೊಟ್ಟ ಮೇಲೆ. ಉಳಿದ ಎರಡು ಲಕ್ಷಕ್ಕೂ ಮಿಕ್ಕ ಮಕ್ಕಳು ಎಲ್ಲಿಗೆ ಹೋಗಬೇಕು? ಆ ವರ್ಷದಿಂದಲೇ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಕ್ರಮ ಬಂದುದರಿಂದ ಒಂದು ಇಡೀ ವರ್ಷ ಕೆಡುವುದು ತಪ್ಪಿತು. ಆದರೆ ಮಗನು ಅನುತ್ತೀರ್ಣನಾದ ದಿನವೇ ಬೆಂಗಳೂರಿನ ಹೋಟೆಲಿಗೆ ಕಳುಹಿಸಿಬಿಡುವ ತಂದೆಗೆ ಎರಡನೆಯ ಪರೀಕ್ಷೆಯ ಸುದ್ದಿ ತಲಪುವುದು ಯಾವಾಗ? ಐ.ಟಿ.ಐ.ಯ ಕೆಲವು ವೃತ್ತಿಗಳಿಗೆ ಎಂಟನೆಯ ತರಗತಿ ಮುಗಿಸಿದವರನ್ನೂ ಸೇರಿಸಿಕೊಳ್ಳುವ ಸಂಗತಿ ಅವನಿಗೆ ಹೇಳುವವರಾರು?

ಅದೇ ವರ್ಷದ ಪಟ್ಟಿಯಲ್ಲಿ ಹುಡುಗಿಯರು ನೂರಕ್ಕೆ 81 ಮಂದಿ, ಹುಡುಗರು 66 ಮಂದಿ ತೇರ್ಗಡೆಯಾದರು. ಪತ್ರಿಕೆಗಳೆಲ್ಲವೂ, ನಮ್ಮದೂ ಸೇರಿ, ಹುಡುಗಿಯರ ಮೇಲುಗೈಯೆಂದು ದಪ್ಪಕ್ಷರಗಳಲ್ಲಿ ಅಚ್ಚುಹಾಕಿದುವು. ಆಮೇಲೆ ಅವರು ಎಲ್ಲಿಗೆ ಹೋದರೆಂದು ನಾವು ವಿಚಾರಿಸಲಿಲ್ಲ. ಇದನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ. ಹದಿನಾರಕ್ಕೂ ಹದಿನೆಂಟಕ್ಕೂ ನಡುವಣ ಎರಡು ವರ್ಷಗಳೇ ಹೆಣ್ಣುಮಗುವಿನ ವಿದ್ಯೆಗೆ ಗಂಡಾಂತರದ ಕಾಲ. ಕಾನೂನು ಮದುವೆಯನ್ನು ಹದಿನೆಂಟರವರೆಗೆ ತಡೆಯುತ್ತದೆ, ಆದರೆ ಕಾಲೇಜಿಗೆ ಕರೆದುಕೊಂಡು ಹೋಗುವುದಿಲ್ಲ. 2023ರ ಜೂನ್ ತಿಂಗಳಿನಲ್ಲಿ ರಾಜ್ಯದೊಳಗೆ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣದ ಯೋಜನೆ ಜಾರಿಗೆ ಬಂದು, ಹಣದ ತೊಡಕು ನಿವಾರಣೆಯಾಯಿತು. ಉಳಿದಿರುವುದು ವೇಳೆಯ ತೊಡಕು. ಕಾಲೇಜು ಬಿಡುವುದು ನಾಲ್ಕಕ್ಕೆ, ಹಳ್ಳಿಗೆ ಬಸ್ಸು ಏಳಕ್ಕೆ ಎಂದಿದ್ದರೆ ಯಾವ ತಾಯಿ ಮಗಳನ್ನು ಕಳುಹಿಸಿಯಾಳು? ಒಂಬತ್ತನೆಯ ತರಗತಿಯಲ್ಲಿಯೇ ಯಾವ ಯಾವ ಹಳ್ಳಿಯಿಂದ ಎಷ್ಟು ಮಂದಿ ಹುಡುಗಿಯರು ಕಾಲೇಜಿಗೆ ಬರುವರೆಂದು ಲೆಕ್ಕ ಹಾಕಿ ಡಿಪೋದ ಅಧಿಕಾರಿಗೆ ಅರ್ಜಿ ಕೊಟ್ಟರೆ, ಒಂದು ವರ್ಷದಲ್ಲಿ ವೇಳಾಪಟ್ಟಿಯನ್ನು ತಿದ್ದಿಸುವುದು ಅಸಾಧ್ಯವಲ್ಲ. ಜೂನ್ ತಿಂಗಳಿನಲ್ಲಿ ಕೂಗಾಡಿದರೆ ಅಸಾಧ್ಯ.

ಕಾಗದಪತ್ರಗಳ ವಿಷಯ ನೀರಸವಾದುದು. ಆದರೂ ಓದಬೇಕೆಂದು ಪ್ರಾರ್ಥನೆ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರು ಮತ್ತು ಜನ್ಮದಿನಾಂಕಗಳು ಮನುಷ್ಯನನ್ನು ನಿವೃತ್ತಿಯವರೆಗೆ ಹಿಂಬಾಲಿಸುತ್ತವೆ. ಒಂದನೆಯ ತರಗತಿಗೆ ಸೇರಿಸುವಾಗ ಯಾರೋ ಅಂದಾಜಿನಲ್ಲಿ ಬರೆಸಿದ ಜೂನ್ ಒಂದನೆಯ ತಾರೀಖು ಅವನ ಜನನವಾಗಿಬಿಡುತ್ತದೆ. ಸರಕಾರಿ ನೌಕರರ ವಯಸ್ಸಿನ ನಿರ್ಣಯದ ಬಗೆಗೆ ಕರ್ನಾಟಕದಲ್ಲಿ 1974ರ ಕಾಯಿದೆಯೊಂದಿದೆ. ಸೇವೆಗೆ ಸೇರಿದ ಮೇಲೆ ತಿದ್ದಿಸುವುದು ಎಷ್ಟು ಕಷ್ಟವೆಂಬುದನ್ನು ಆ ಕಡತಗಳನ್ನು ಕಟ್ಟಿದ ನಮ್ಮ ಅಧಿಕಾರಿ ವಾಚಕರೇ ಬಲ್ಲರು. ಶಾಲೆಯ ದಾಖಲೆಯಲ್ಲಿ, ಆಧಾರ್ ಚೀಟಿಯಲ್ಲಿ, ಜನನ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ಮೂರು ಬಗೆಯಾಗಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದಲೂ, ಗ್ರಾಮೀಣ ವ್ಯಾಸಂಗದ ಮತ್ತು ಕನ್ನಡ ಮಾಧ್ಯಮದ ಪತ್ರಗಳನ್ನು ಮುಖ್ಯೋಪಾಧ್ಯಾಯರಿಂದ ಬರೆಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಮಾಡಿಸಿಯೂ ಪಡೆಯಬೇಕು. ಕಲ್ಯಾಣ ಕರ್ನಾಟಕದ ಜಿಲ್ಲೆಗಳವರಿಗಾದರೆ ಸಂವಿಧಾನದ 371ಜೆ ವಿಧಿಯ ಪ್ರಮಾಣಪತ್ರ ಬೇರೆ. ಇವೆಲ್ಲವೂ ಒಂದೇ ವಾರದಲ್ಲಿ ಆಗತಕ್ಕ ಕೆಲಸಗಳಲ್ಲ. ದಿನಗೂಲಿಯವನು ಒಂದು ಪತ್ರಕ್ಕಾಗಿ ನಾಲ್ಕು ಸಲ ಅಲೆದರೆ ನಾಲ್ಕು ದಿನದ ಕೂಲಿ ಹೋಯಿತು.

ಹಿಂದಿನ ಕಾಲವನ್ನು ಹೊಗಳುವ ಚಾಪಲ್ಯ ನಮಗಿಲ್ಲ. ಆಗ ವಿದ್ಯೆಯು ಕೆಲವೇ ಮನೆಗಳ ಸೊತ್ತಾಗಿತ್ತು; ವಾರಾನ್ನದ ಮನೆಗಳೂ ಎಲ್ಲ ಜಾತಿಯ ಹುಡುಗರಿಗೆ ತೆರೆದಿರಲಿಲ್ಲ. ಆದರೂ ಒಂದು ಮಾತನ್ನು ನೆನೆಯಬೇಕು. ಮುದ್ದೇನಹಳ್ಳಿಯಲ್ಲಿ ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬನು ಬೆಂಗಳೂರಿಗೆ ಬಂದು, ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದನು. ಮೈಸೂರು ಸರಕಾರದ ವಿದ್ಯಾರ್ಥಿವೇತನ ದೊರೆತು ಪುಣೆಯಲ್ಲಿ ಇಂಜಿನಿಯರಿಂಗ್ ಓದದೆ ಇದ್ದಿದ್ದರೆ ವಿಶ್ವೇಶ್ವರಯ್ಯನವರು ಯಾವ ಕಚೇರಿಯ ಗುಮಾಸ್ತರಾಗುತ್ತಿದ್ದರೋ ಬಲ್ಲವರಾರು? ಅವರು ದಿವಾನರಾದ ಮೇಲೆ 1916ರಲ್ಲಿ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದುದನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೂ ಮೊದಲೇ, 1913ರಲ್ಲಿ, ಹೆಬ್ಬಾಳದಲ್ಲಿ ಕೃಷಿ ಶಾಲೆಯೂ ಮೈಸೂರಿನಲ್ಲಿ ಚಾಮರಾಜೇಂದ್ರ ತಾಂತ್ರಿಕ ವಿದ್ಯಾಲಯವೂ ಏರ್ಪಟ್ಟುದನ್ನು ಹೇಳುವವರು ಕಡಮೆ. ಮೈಸೂರಿನ ತಾತಯ್ಯನವರು, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಮರಿಮಲ್ಲಪ್ಪ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾಗಿಯೂ ಪತ್ರಿಕೆಗಳ ಸಂಪಾದಕರಾಗಿಯೂ ಇದ್ದುಕೊಂಡು ಅನಾಥಾಲಯವನ್ನು ನಡೆಸಿದರು. ಶಾಲೆ, ಪತ್ರಿಕೆ, ಪರರ ಮಕ್ಕಳ ಅನ್ನ: ಇವು ಮೂರು ಬೇರೆ ಬೇರೆ ಕೆಲಸಗಳೆಂದು ಅವರಿಗೆ ತೋರಿರಲಿಲ್ಲ.

ಸರಕಾರದವರು ಏನು ಮಾಡಬೇಕೆಂಬುದನ್ನು ಹೇಳಿ ಸುಮ್ಮನಾಗುವುದು ಪತ್ರಿಕೆಯವರಿಗೆ ಸುಲಭ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ಮಾತ್ರ ಕೈಹಿಡಿಯುತ್ತದೆ. ದಾರಿ ಕವಲಾಗುವ ಸ್ಥಳಕ್ಕೆ ಸ್ವಲ್ಪ ಮುಂಚೆಯೇ ಕೈಬಿಡುತ್ತದೆ. ಅದನ್ನು ಮುಂದಕ್ಕೆ ವಿಸ್ತರಿಸತಕ್ಕುದೇ ಸರಿ. ಶಾಲೆಗಳ ಯೋಗ್ಯತೆಯನ್ನು ಫಲಿತಾಂಶದ ಶೇಕಡಾವಾರು ಲೆಕ್ಕವೊಂದರಿಂದಲೇ ಅಳೆಯುವ ಇಲಾಖೆಯು ಉಪಾಧ್ಯಾಯರಿಗೆ ಬೇರೆಯದನ್ನು ಯೋಚಿಸಲು ಬಿಡುವನ್ನೇ ಉಳಿಸಿಲ್ಲ. ಉಪಾಧ್ಯಾಯರನ್ನು ನಾವು ದೂಷಿಸಲಾರೆವು. ಆದರೆ ನಮ್ಮ ಊರಿನಲ್ಲಿ ಡಿಪ್ಲೊಮಾ ಓದಿದ ಇಂಜಿನಿಯರಿದ್ದಾರೆ, ದಾದಿಯಾಗಿ ನಿವೃತ್ತಳಾದ ತಾಯಿಯಿದ್ದಾಳೆ, ವಕೀಲರಿದ್ದಾರೆ, ತಹಶೀಲ್ದಾರರಿದ್ದಾರೆ, ಲೇತ್ ಯಂತ್ರವನ್ನು ಹಾಕಿಕೊಂಡು ಹತ್ತು ಮಂದಿಗೆ ಸಂಬಳ ಕೊಡುವ ಐ.ಟಿ.ಐ. ಹುಡುಗನಿದ್ದಾನೆ. ಇವರಲ್ಲಿ ಒಬ್ಬೊಬ್ಬರು ವರ್ಷಕ್ಕೆರಡು ಶನಿವಾರ ಒಂಬತ್ತನೆಯ ತರಗತಿಗೆ ಹೋಗಿ ತಾವು ಬಂದ ದಾರಿಯನ್ನು, ತಪ್ಪಿದ ದಾರಿಯನ್ನೂ ಮುಚ್ಚಿಡದೆ, ಹೇಳಿದರೆ ಸಾಕು. ಉಪನ್ಯಾಸ ಬೇಡ. ಹಾರತುರಾಯಿಗಳಂತೂ ಬೇಡವೇ ಬೇಡ. ಸ್ವರಾಜ್ಯ ಬಂದ 1947ರಿಂದ ಈಚೆಗೆ ಶಾಲೆಗಳ ಕಟ್ಟಡಗಳಿಗೆ ಕಲ್ಲು ಹೊತ್ತವರೂ ಚಂದಾ ಕೊಟ್ಟವರೂ ನಮ್ಮಲ್ಲಿ ಬಹುಮಂದಿಯುಂಟು. ಕಟ್ಟಡದಿಂದ ಹೊರಬೀಳುವ ಮಗುವಿನೊಡನೆ ಹತ್ತು ಹೆಜ್ಜೆ ನಡೆದವರು ವಿರಳ.

ನಮ್ಮ ಪಾಲಿನದನ್ನು ಹೇಳಿ ಮುಗಿಸುತ್ತೇವೆ. ಈ ತಿಂಗಳಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಕಚೇರಿಯ ಮುಂಭಾಗದ ಕೊಠಡಿ ತೆರೆದಿರುವುದು. ಅರ್ಜಿಗಳ ನಮೂನೆಗಳನ್ನೂ ಕೊನೆಯ ದಿನಾಂಕಗಳ ಪಟ್ಟಿಯನ್ನೂ ಗೋಡೆಗೆ ಅಂಟಿಸುವೆವು; ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು ಬಂದು ಕುಳಿತುಕೊಳ್ಳಲು ಒಪ್ಪಿದ್ದಾರೆ. ಒಂಬತ್ತನೆಯ ತರಗತಿಯ ಮಕ್ಕಳು ತಂದೆತಾಯಿಗಳೊಡನೆ ಬರಬಹುದು. ಅಂಕಪಟ್ಟಿ ಬೇಕಾಗಿಲ್ಲ, ಶಾಲೆಯ ದಾಖಲೆಯಲ್ಲಿರುವ ಹೆಸರು ಮತ್ತು ಜನ್ಮದಿನಾಂಕವನ್ನು ಒಂದು ಚೀಟಿಯಲ್ಲಿ ಬರೆಸಿ ತಂದರೆ ಸಾಕು. ನಾಡಕಚೇರಿಯ ಕೆಲಸ ಬಲ್ಲ ಮಹನೀಯರೊಬ್ಬರು ನಮಗೆ ಇನ್ನೂ ದೊರೆತಿಲ್ಲ. ಈ ಸಾಲುಗಳನ್ನು ಓದುತ್ತಿರುವವರಲ್ಲಿ ಅಂಥವರಿದ್ದರೆ ದಯಮಾಡಿ ತಿಳಿಸಬೇಕು.